ವಿಮಾನದ ಫೋಟೋ ತೆಗೆಯೋದು ಹೇಗೆ? ಸದ್ದಿನ ಕಡೆ ಅಲ್ಲ, ಅದರ ಮುಂದೆ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಸುಲಭವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಈ ಸಲದ ವಿಷಯ ಆಕಾಶದ್ದು. ಆದ್ರೆ ಕಥೆ ಶುರುವಾಗೋದು ನಮ್ಮೂರು ಸಾಸ್ವೆಹಳ್ಳಿಯ ಒಂದು ಪಡಸಾಲೆಯಲ್ಲಿ.

2023ರ ಫೆಬ್ರವರಿ. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ನೋಡ್ಕೊಂಡು ಊರಿಗೆ ಬಂದಿದ್ದೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, 70-300 ಎಂಎಂ ಲೆನ್ಸ್ ಬಾಡಿಗೆದು. ಒಂದೇ ದಿನಕ್ಕೆ 1,900 ಫೋಟೋ ಹೊಡೆದಿದ್ದೆ. ನಮ್ಮ ದೊಡ್ಡಪ್ಪಂಗೆ ವಿಮಾನ ಅಂದ್ರೆ ಮೊದಲಿಂದ ಹುಚ್ಚು. ಗದ್ದೆಯಲ್ಲಿ ನಾಟಿ ನಡೀತಿದ್ರೂ ಮೇಲೆ ಸದ್ದು ಕೇಳಿದ್ರೆ ಹಣೆಗೆ ಕೈ ಅಡ್ಡ ಹಿಡಿದು ನಿಂತುಬಿಡ್ತಾರೆ. ಅವರೂ ಬರ್ತೀನಿ ಅಂದಿದ್ರು. ನಾನೇ ಬೇಡ ಅಂದೆ. "ಟಿಕೆಟ್ ದುಡ್ಡು ಸುಮ್ನೆ ಯಾಕೆ ದಂಡ ದೊಡ್ಡಪ್ಪ, ಫೋಟೋ ತಂದು ತೋರಿಸ್ತೀನಿ" ಅಂತ.

ಬಂದ ದಿನ ಸಂಜೆ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಮೊದಲು ಸಾರಂಗ್ ತಂಡದ ಹೆಲಿಕಾಪ್ಟರ್. ಬಾಲದಲ್ಲಿನ ಬಣ್ಣ, ಕಿಟಕಿ, ಎಲ್ಲಾ ಚಾಕುವಿನ ಹಾಗೆ ಶಾರ್ಪ್. ನಾನು ಹೆಮ್ಮೆಯಿಂದ ನೋಡ್ತಿದ್ದೆ. ದೊಡ್ಡಪ್ಪ ಕನ್ನಡಕ ಸರಿಮಾಡ್ಕೊಂಡು ಒಂದು ನಿಮಿಷ ನೋಡಿ ಹೇಳಿದ್ರು: "ಏನಪಾ ತಮ್ಮ, ನೂಲು ಕಟ್ಟಿ ತೂಗುಬಿಟ್ಟಂಗೆ ಐತಲ್ಲ. ಇದು ಹಾರ್ತಿತ್ತೋ, ಸುಮ್ನೆ ನಿಂತಿತ್ತೋ?"

ಮುಂದಿನ ಫೋಟೋ ಜೆಟ್‌ಗಳದ್ದು. ಬಿಳಿ ಆಕಾಶದಲ್ಲಿ ಕಪ್ಪು ಚುಕ್ಕೆಗಳು. ಅದಕ್ಕೆ ಅವರು ಏನೂ ಹೇಳಲಿಲ್ಲ. ಚಹಾ ತರೋಕೆ ಹೇಳಿ ಎದ್ದು ಹೋದ್ರು.

ನಾನು ಬಿ.ಕಾಂ. ಓದಿದವನು. ಹೋದ ದುಡ್ಡಿನ ಲೆಕ್ಕ ಹಾಕದೆ ನಿದ್ದೆ ಬರಲ್ಲ. ಟಿಕೆಟ್, ಬಸ್ಸು, ಲೆನ್ಸ್ ಬಾಡಿಗೆ, ಊಟ. 1,900ರಲ್ಲಿ ಉಳಿಸಿಕೊಳ್ಳೋ ಹಾಗಿದ್ದಿದ್ದು 11. ಕ್ಯಾಮೆರಾ ಕೆಟ್ಟಿರಲಿಲ್ಲ, ಲೆನ್ಸೂ ಚೆನ್ನಾಗೇ ಇತ್ತು. ತಪ್ಪು ನಡೆದಿದ್ದು ವಿಮಾನ ಬರೋದಕ್ಕೆ ಮುಂಚೆ. ವಿಮಾನದ ಫೋಟೋ ಮುಕ್ಕಾಲು ಪಾಲು ತೀರ್ಮಾನ ಆಗೋದು ಅದು ಕಣ್ಣಿಗೆ ಬೀಳೋದಕ್ಕೆ ಮೊದಲೇ. ಇವತ್ತಿನ ಸಂಚಿಕೆ ಪೂರ್ತಿ ಇದರ ಬಗ್ಗೆ.

ಮೊದಲು, ಏನಿದು ಏರೋ ಇಂಡಿಯಾ?

ಗೊತ್ತಿಲ್ಲದವರಿಗೆ ಎರಡು ಮಾತು. ಏರೋ ಇಂಡಿಯಾ ಶುರುವಾಗಿದ್ದು 1996ರಲ್ಲಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತೆ. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದದ್ದು 15ನೇ ಆವೃತ್ತಿ. ಮೊದಲ ಮೂರು ದಿನ ವ್ಯಾಪಾರದವರಿಗೆ, ಕೊನೆಯ ಎರಡು ದಿನ ನಮ್ಮಂಥ ಸಾರ್ವಜನಿಕರಿಗೆ. ಹಾರಾಟ ಮಾತ್ರ ನೋಡೋರಿಗೆ ಎಡಿವಿಎ ಅನ್ನೋ ಬೇರೆ ಜಾಗ ಇರುತ್ತೆ. ನಾನು ಎರಡೂ ಸಲ ತಗೊಂಡಿದ್ದು ಅದರದ್ದೇ 1,000 ರೂಪಾಯಿ ಟಿಕೆಟ್.

ಇದರಲ್ಲಿ ಹಾರೋ ಎಷ್ಟೋ ವಿಮಾನಕ್ಕೆ ಕರ್ನಾಟಕದ ನಂಟಿದೆ. ತೇಜಸ್ 2001ರ ಜನವರಿ 4ರಂದು ಮೊದಲ ಸಲ ಹಾರಿದ್ದು ಬೆಂಗಳೂರಿನಲ್ಲೇ. ಸಾರಂಗ್ ತಂಡ ಹಾರಿಸೋ ಧ್ರುವ್ ಹೆಲಿಕಾಪ್ಟರ್ ಎಚ್‌ಎಎಲ್ ತಯಾರಿಸಿದ್ದು. ಒಂಬತ್ತು ಹಾಕ್ ಜೆಟ್‌ಗಳ ಸೂರ್ಯಕಿರಣ್ ತಂಡದ ನೆಲೆ ಬೀದರ್. ಈ ಜೆಟ್‌ಗಳು ಕೆಲವು ಕಸರತ್ತಿನಲ್ಲಿ ಒಂದಕ್ಕೊಂದು ಸುಮಾರು 5 ಮೀಟರ್ ಹತ್ತಿರ ಹಾರ್ತವೆ. ಒಂದು ಟ್ರ್ಯಾಕ್ಟರ್ ಟ್ರೈಲರ್‌ನಷ್ಟು ಜಾಗ, ಅಷ್ಟೇ.

ಶಟರ್ ಸ್ಪೀಡ್: ಫ್ಯಾನ್ ಹೇಳಿಕೊಟ್ಟ ಪಾಠ

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಹೆಲಿಕಾಪ್ಟರ್ ಯಾಕೆ ನೂಲಿಗೆ ಕಟ್ಟಿದ ಹಾಗೆ ಕಾಣ್ತು?

ಶಟರ್ ಸ್ಪೀಡ್ ಅಂದ್ರೆ ಕ್ಯಾಮೆರಾದ ಕಣ್ಣು ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು. 1/1000 ಅಂದ್ರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಹೊತ್ತು ಕಡಿಮೆ ಆದಷ್ಟೂ ಓಡೋದು ನಿಂತ ಹಾಗೆ ಕಾಣುತ್ತೆ. ವಿಮಾನ ವೇಗವಾಗಿ ಹೋಗುತ್ತಲ್ಲ, ಅದಕ್ಕೇ ನಾನು ಬೆಳಗ್ಗೆ 1/2000 ಇಟ್ಟವನು ಸಂಜೆವರೆಗೂ ಅದನ್ನ ಮುಟ್ಟಲೇ ಇಲ್ಲ.

ಹೆಲಿಕಾಪ್ಟರ್‌ನ ದೊಡ್ಡ ರೆಕ್ಕೆ, ಅಂದ್ರೆ ಮೇಲಿನ ರೋಟರ್, ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತೆ ಅಂತ ಇಟ್ಕೊಳ್ಳಿ. ಸೆಕೆಂಡಿಗೆ 5 ಸುತ್ತು. ಒಂದು ಸುತ್ತಿಗೆ 360 ಡಿಗ್ರಿ, ಅಂದ್ರೆ ಸೆಕೆಂಡಿಗೆ 1,800 ಡಿಗ್ರಿ. 1/2000ದಲ್ಲಿ ಅದು ತಿರುಗೋದು ಒಂದು ಡಿಗ್ರಿಗಿಂತ ಕಡಿಮೆ! ಫೋಟೋದಲ್ಲಿ ರೆಕ್ಕೆ ಪೂರ್ತಿ ನಿಂತಿರುತ್ತೆ. ರೆಕ್ಕೆ ನಿಂತ ಹೆಲಿಕಾಪ್ಟರ್ ಆಕಾಶದಲ್ಲಿ ಹೇಗಿರುತ್ತೆ? ಆಗ ನೂಲೇ ಗತಿ.

1/100 ಇಟ್ರೆ 18 ಡಿಗ್ರಿ. 1/60 ಇಟ್ರೆ 30 ಡಿಗ್ರಿ. ಆಗ ರೆಕ್ಕೆ ಬೀಸಣಿಗೆ ಥರ ಹರಡಿಕೊಂಡು, "ಹೌದಪ್ಪ, ಹಾರ್ತಿದೆ" ಅಂತ ಕಣ್ಣು ಒಪ್ಪುತ್ತೆ.

ಇದನ್ನ ಕಲಿಯೋಕೆ ಯಲಹಂಕಕ್ಕೆ ಹೋಗಬೇಕಿಲ್ಲ. ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುವಾಗ ನಿಮಿಷಕ್ಕೆ ಸರಿಸುಮಾರು 300 ಸುತ್ತು, ಇನ್ನೂ ಸ್ವಲ್ಪ ಹೆಚ್ಚೇ ಹೊಡೆಯುತ್ತೆ. ಹೆಲಿಕಾಪ್ಟರ್ ರೋಟರ್‌ನ ಲೆಕ್ಕವೇ! ಫೋನಿನ ಪ್ರೊ ಮೋಡ್ ತೆಗೆದು ಫ್ಯಾನನ್ನ 1/1000ದಲ್ಲಿ ಒಂದು, 1/60ರಲ್ಲಿ ಒಂದು ಹೊಡೀರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಾನು ಮಾಡಿದ್ದೂ ಇದನ್ನೇ. ದೊಡ್ಡಪ್ಪಂಗೆ ಎರಡೂ ತೋರಿಸಿದೆ. "ಇದು ಕರೆಂಟ್ ಹೋದಾಗಿಂದು, ಇದು ಕರೆಂಟ್ ಇದ್ದಾಗಿಂದು" ಅಂದ್ರು. ಶಟರ್ ಸ್ಪೀಡ್ ಬಗ್ಗೆ ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳೋಕೆ ಬರಲ್ಲ.

ಹಾಗಾದ್ರೆ ಮೂರು ಥರದ ವಿಮಾನಕ್ಕೆ ಮೂರು ಲೆಕ್ಕ. ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಜೆಟ್‌ಗೆ 1/1000ದಿಂದ 1/2000. ಅದಕ್ಕೆ ಹೊರಗೆ ತಿರುಗೋ ರೆಕ್ಕೆ ಇಲ್ಲ, ಹಾಗಾಗಿ ನಿಂತ ಹಾಗೆ ಕಂಡ್ರೂ ನಷ್ಟವಿಲ್ಲ.

ಪ್ರೊಪೆಲ್ಲರ್ ವಿಮಾನಕ್ಕೆ 1/250ರ ಆಸುಪಾಸು. ಎಟಿಆರ್ ಥರದ ವಿಮಾನದ ಪ್ರೊಪೆಲ್ಲರ್ ನಿಮಿಷಕ್ಕೆ ಗರಿಷ್ಠ ಸುಮಾರು 1,200 ಸುತ್ತು. 1/250ರಲ್ಲಿ ಅದು 29 ಡಿಗ್ರಿ ತಿರುಗುತ್ತೆ. ಚೆನ್ನಾಗಿ ಕಾಣುತ್ತೆ.

ಹೆಲಿಕಾಪ್ಟರ್‌ಗೆ 1/60ರಿಂದ 1/125. ಇದು ಕಷ್ಟ. ಇಷ್ಟು ನಿಧಾನದಲ್ಲಿ ನಮ್ಮ ಕೈ ನಡುಕವೂ ಫೋಟೋದಲ್ಲಿ ಬರುತ್ತೆ. ಹತ್ತು ಹೊಡೆದ್ರೆ ಒಂದು ನಿಲ್ಲುತ್ತೆ, ಅಷ್ಟೇ. ಆ ಒಂದು ಸಾಕು. ಭಯ ಆದ್ರೆ 1/250ರಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಕೆಳಗಿಳಿಯಿರಿ.

ಸದ್ದು ಹಿಂದೆ, ವಿಮಾನ ಮುಂದೆ

ನನ್ನ ಪಕ್ಕದಲ್ಲಿ ನಿಂತಿದ್ದ ಸಾವಿರಾರು ಜನರದ್ದು, ನನ್ನದೂ ಸೇರಿ, ಒಂದೇ ತಪ್ಪು. ಜೆಟ್ ಸದ್ದು ಕೇಳಿದ ಕಡೆ ಕತ್ತು ತಿರುಗಿಸೋದು. ಅಲ್ಲಿ ಏನೂ ಇರಲ್ಲ. "ಎಲ್ಲಿ ಎಲ್ಲಿ?" ಅನ್ನೋಷ್ಟರಲ್ಲಿ ಹೊಗೆ ಮಾತ್ರ ಉಳಿದಿರುತ್ತೆ.

ಕಾರಣ ತುಂಬಾ ಸರಳ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತೆ. ವಿಮಾನ ನಿಮ್ಮಿಂದ ಒಂದು ಕಿಲೋಮೀಟರ್ ದೂರ ಇದ್ರೆ ಅದರ ಸದ್ದು ನಿಮಗೆ ತಲುಪೋಕೆ ಸುಮಾರು 3 ಸೆಕೆಂಡ್ ಬೇಕು. ಆ ಜೆಟ್ ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿದ್ರೆ, ಸೆಕೆಂಡಿಗೆ 167 ಮೀಟರ್. 3 ಸೆಕೆಂಡಿನಲ್ಲಿ ಅರ್ಧ ಕಿಲೋಮೀಟರ್ ಮುಂದೆ ಹೋಗಿಬಿಟ್ಟಿರುತ್ತೆ. ನಿಮಗೆ ಕೇಳಿಸಿದ ಸದ್ದು ವಿಮಾನದ ಹಳೇ ವಿಳಾಸ.

ಸದ್ದು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತೆ ಗಮನಿಸಿ. ಅದು ಎಡದಿಂದ ಬಲಕ್ಕೆ ಹೋಗ್ತಿದ್ರೆ, ಸದ್ದಿಗಿಂತ ಚೆನ್ನಾಗಿ ಬಲಕ್ಕೆ, ಅದು ಇನ್ನು ಹೋಗೋ ಕಡೆ ನೋಡಿ. ಜೊತೆಗೆ ಮೈಕಲ್ಲಿ ಹೇಳೋರ ಮಾತಿಗೆ ಒಂದು ಕಿವಿ ಇಟ್ಟಿರಿ. "ಬಲಗಡೆಯಿಂದ ಬರ್ತಿದೆ" ಅಂತ ಅವರು ಮೊದಲೇ ಹೇಳ್ತಾರೆ. ಇಯರ್‌ಫೋನ್ ಹಾಕ್ಕೊಂಡು ನನ್ನ ಪಾಡ್‌ಕಾಸ್ಟ್ ಕೇಳ್ತಾ ಅಲ್ಲಿ ನಿಲ್ಲಬೇಡಿ, ದಯವಿಟ್ಟು!

ಇದೇ ಲೆಕ್ಕ ಸೂರ್ಯಕಿರಣ್‌ನ ಕ್ರಾಸಿಂಗ್‌ಗೂ ಬೇಕು. ಎರಡು ಜೆಟ್ ಎದುರುಬದುರು ಬಂದು, ಡಿಕ್ಕಿ ಹೊಡೆದೇ ಬಿಟ್ವು ಅನ್ನೋ ಹಾಗೆ ದಾಟಿಹೋಗೋ ಆಟ. ಎರಡೂ ಗಂಟೆಗೆ 600ರಲ್ಲಿ ಬಂದ್ರೆ ಒಂದಕ್ಕೊಂದು ಸೆಕೆಂಡಿಗೆ 333 ಮೀಟರ್ ಹತ್ತಿರ ಆಗ್ತಿರ್ತವೆ. ಕಣ್ಣು ನೋಡಿ, ಮೆದುಳು "ಒತ್ತು" ಅಂದು, ಬೆರಳು ಒತ್ತೋಕೆ ಸುಮಾರು ಸೆಕೆಂಡಿನ ಐದರಲ್ಲಿ ಒಂದು ಭಾಗ ಬೇಕು. ಅಷ್ಟರಲ್ಲಿ ಅವೆರಡರ ನಡುವೆ 66 ಮೀಟರ್ ಅಂತರ ಆಗಿರುತ್ತೆ. ದಾಟೋದನ್ನ ನೋಡಿ ಒತ್ತಿದವನಿಗೆ ದಾಟಿದ್ದು ಸಿಗಲ್ಲ. ಹಾಗಾಗಿ ದಾಟೋದಕ್ಕೆ ಒಂದು ಸೆಕೆಂಡ್ ಮುಂಚೆ ಬರ್ಸ್ಟ್ ಶುರುಮಾಡಿ, ದಾಟಿದ ಮೇಲೆ ಬಿಡಿ. ಸೆಕೆಂಡಿಗೆ 10 ಫೋಟೋ ಬಂದ್ರೂ ಎರಡು ಫೋಟೋ ನಡುವೆ 33 ಮೀಟರ್ ಹೋಗಿರುತ್ತೆ. ಸಿಕ್ರೆ ಅದೃಷ್ಟ. ಆದ್ರೆ ಮೊದಲೇ ಒತ್ತಿದವನಿಗಷ್ಟೇ ಆ ಅದೃಷ್ಟಕ್ಕೆ ಅವಕಾಶ.

ವಿಮಾನವನ್ನ ಹಿಂಬಾಲಿಸೋದಕ್ಕೂ ಒಂದು ಕ್ರಮ ಇದೆ. ಪಾದ ಎರಡನ್ನೂ ವಿಮಾನ ಮುಂದೆ ಹೋಗಲಿರೋ ಕಡೆಗೆ ತಿರುಗಿಸಿ ಊರಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಸೊಂಟ ಮಾತ್ರ ತಿರುಗಲಿ. ವಿಮಾನ ದೂರ ಇದ್ದಾಗಲೇ ಫ್ರೇಮಿಗೆ ತಗೊಂಡು, ಅದರ ಜೊತೆ ತಿರುಗ್ತಾ, ಹತ್ತಿರ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗೋದನ್ನ ನಿಲ್ಲಿಸಬೇಡಿ. ಒತ್ತಿದ ತಕ್ಷಣ ಕೈ ನಿಲ್ಲಿಸೋದೇ ಹೆಚ್ಚಿನವರ ಫೋಟೋ ಅಲುಗೋಕೆ ಕಾರಣ. ಕ್ಯಾಮೆರಾ ಇದ್ದೋರು ಫೋಕಸ್ಸನ್ನ ಕಂಟಿನ್ಯುಯಸ್‌ಗೆ ಹಾಕಿರಿ.

ಫೋನ್ ಮಾತ್ರ ಇದ್ದೋರಿಗೆ

ಈಗ ನಿಮ್ಮಲ್ಲಿ ಹೆಚ್ಚಿನವರ ಪ್ರಶ್ನೆ: "ಅಣ್ಣ, ನಮ್ಮ ಹತ್ರ ಫೋನ್ ಮಾತ್ರ ಇರೋದು." ಇದಕ್ಕೂ ಲೆಕ್ಕ ಇದೆ, ಸ್ವಲ್ಪ ಬೇಜಾರಿನ ಲೆಕ್ಕ.

ಫೋನಿನ ಮುಖ್ಯ ಕ್ಯಾಮೆರಾ ತುಂಬಾ ಅಗಲ ನೋಡುತ್ತೆ. 500 ಮೀಟರ್ ದೂರದಲ್ಲಿ ಅದರ ಫ್ರೇಮಿನ ಅಗಲ ಹತ್ತಿರಹತ್ತಿರ 690 ಮೀಟರ್. ಹಾಕ್ ಜೆಟ್‌ನ ಉದ್ದ 12 ಮೀಟರ್ ಚಿಲ್ಲರೆ. ಅಂದ್ರೆ ಫ್ರೇಮಿನ ನೂರರಲ್ಲಿ ಎರಡು ಪಾಲೂ ಇಲ್ಲ. 4,000 ಪಿಕ್ಸೆಲ್ ಅಗಲದ ಫೋಟೋದಲ್ಲಿ ವಿಮಾನಕ್ಕೆ ಸಿಗೋದು 70 ಪಿಕ್ಸೆಲ್. ನಿಮ್ಮ ವಾಟ್ಸ್‌ಆ್ಯಪ್ ಎಮೋಜಿಯಷ್ಟು. ನೀವು ಎರಡು ಬೆರಳಿಂದ ಜೂಮ್ ಮಾಡಿದ್ರೆ ಒಂದು ಹಂತದ ನಂತರ ಫೋನ್ ಅದೇ 70 ಪಿಕ್ಸೆಲ್ಲನ್ನ ಹಿಗ್ಗಿಸಿ ತೋರಿಸುತ್ತೆ, ಹೊಸದಾಗಿ ಏನೂ ಸೇರಿಸಲ್ಲ. ನನ್ನ ಬಾಡಿಗೆ ಲೆನ್ಸ್ 300ಕ್ಕೆ ಎಳೆದ್ರೆ ಅದೇ ದೂರದಲ್ಲಿ 39 ಮೀಟರ್ ಅಗಲ ಮಾತ್ರ ನೋಡುತ್ತೆ. ಫ್ರೇಮಿನ ಮೂರರಲ್ಲೊಂದು ಪಾಲು ವಿಮಾನ.

ಹಾಗಾಗಿ ಫೋನ್ ಹಿಡಿದು ಒಂಟಿ ಜೆಟ್‌ನ ಹಿಂದೆ ಓಡಬೇಡಿ. ಅದು ಸೋಲೋ ಪಂದ್ಯ. ಫೋನಿಗೆ ಆಗೋ ಫೋಟೋ ಬೇರೆ ಇದೆ. ಒಂಬತ್ತು ಹಾಕ್‌ಗಳು ಹೊಗೆ ಬಿಟ್ಕೊಂಡು ಆಕಾಶದ ಈ ಮೂಲೆಯಿಂದ ಆ ಮೂಲೆಗೆ ಹೋದಾಗ ಆ ಹೊಗೆ ನೂರಾರು ಮೀಟರ್ ಉದ್ದ ಇರುತ್ತೆ. ದೊಡ್ಡ ಲೆನ್ಸ್ ಇಟ್ಕೊಂಡೋರಿಗೆ ಅದು ಫ್ರೇಮಿನಲ್ಲಿ ಹಿಡಿಸಲ್ಲ! ನಿಮ್ಮ ಅಗಲದ ಕ್ಯಾಮೆರಾಗೆ ಹಿಡಿಸುತ್ತೆ. ಕೆಳಗೆ ಜನರ ತಲೆ, ಯಾರದೋ ಹೆಗಲ ಮೇಲಿನ ಮಗು, ಮೇಲೆ ಹೊಗೆಯ ಗೀಟು. ಗಾಳಿಗೆ ಹೊಗೆ ಬೇಗ ಚದುರುತ್ತೆ, ಹಾಗಾಗಿ ಮೊದಲ ಕೆಲವು ಸೆಕೆಂಡಿನಲ್ಲೇ ತೆಗೀರಿ.

ಇನ್ನೊಂದು, ನೆಲದ ಮೇಲೆ ನಿಂತಿರೋ ವಿಮಾನಗಳು. ಎಡಿವಿಎ ಟಿಕೆಟ್ ಬಿಟ್ಟು ಪ್ರದರ್ಶನದ ಒಳಗೆ ಹೋಗೋ ಟಿಕೆಟ್ ತಗೊಂಡೋರಿಗೆ ಅವು ಹತ್ತಿರದಿಂದ ಸಿಗ್ತವೆ. ಫೋನಿಗೆ ಅದೇ ಹಬ್ಬ. ಬಗ್ಗಿ, ಕೆಳಗಿನಿಂದ ಮೇಲಕ್ಕೆ ತೆಗೀರಿ. ಹಿಂದಿನ ಜನಸಂದಣಿ ಕಾಣಲ್ಲ, ವಿಮಾನ ದೊಡ್ಡದಾಗಿ ಕಾಣುತ್ತೆ.

ಮತ್ತೊಂದು ಉಪಾಯ: 4ಕೆ ವಿಡಿಯೋ ಮಾಡ್ಕೊಂಡು ಆಮೇಲೆ ಬೇಕಾದ ಫ್ರೇಮನ್ನ ಎತ್ತಿಕೊಳ್ಳೋದು. 4ಕೆ ವಿಡಿಯೋದ ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್ ಇರುತ್ತೆ. ಸೆಕೆಂಡಿಗೆ 60 ಫ್ರೇಮ್ ಇಟ್ರೆ ಆ ಕ್ರಾಸಿಂಗ್ ಸಿಗೋ ಸಾಧ್ಯತೆ ಎಷ್ಟೋ ಹೆಚ್ಚು.

ಬೆಳಕು ಮತ್ತು ಬಿಸಿಗಾಳಿ

ನನ್ನ ಜೆಟ್‌ಗಳು ಕಾಗೆಯಂತೆ ಕಪ್ಪಾಗಿದ್ದು ಯಾಕೆ? ಆಕಾಶ ತುಂಬಾ ಬೆಳ್ಳಗೆ. ಕ್ಯಾಮೆರಾ ಅದನ್ನ ನೋಡಿ "ಅಬ್ಬಾ, ಎಷ್ಟು ಬೆಳಕು" ಅಂತ ಪೂರ್ತಿ ಫೋಟೋವನ್ನ ಕತ್ತಲು ಮಾಡುತ್ತೆ. ವಿಮಾನದ ಹೊಟ್ಟೆ ಮೊದಲೇ ನೆರಳಲ್ಲಿರುತ್ತೆ, ಅದು ಇನ್ನೂ ಕಪ್ಪು. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನೋದನ್ನ ಪ್ಲಸ್ 1ರ ಹತ್ತಿರ ಇಡಿ. ಫೋನಿನಲ್ಲಾದ್ರೆ ಪರದೆ ಮುಟ್ಟಿ, ಪಕ್ಕದಲ್ಲಿ ಕಾಣೋ ಸೂರ್ಯನ ಚಿತ್ರವನ್ನ ಸ್ವಲ್ಪ ಮೇಲಕ್ಕೆ ಎಳೆಯಿರಿ.

ನಿಲ್ಲೋ ಜಾಗವೂ ಮುಖ್ಯ. ಫೆಬ್ರವರಿಯಲ್ಲಿ ನಮ್ಮ ಕಡೆ ಸೂರ್ಯ ಮಧ್ಯಾಹ್ನ ದಕ್ಷಿಣಕ್ಕೆ ವಾಲಿರುತ್ತೆ. ಸಾಧ್ಯ ಆದಷ್ಟು ಸೂರ್ಯ ಬೆನ್ನಿಗೋ ಪಕ್ಕಕ್ಕೋ ಇರೋ ಹಾಗೆ ನಿಲ್ಲಿ. ಒಳಗೆ ಹೋದ ತಕ್ಷಣ ಫೋನಿನ ದಿಕ್ಸೂಚಿ ತೆಗೆದು ನೋಡಿದ್ರೆ ಒಂದು ನಿಮಿಷದ ಕೆಲಸ.

ಇನ್ನು ಬಿಸಿಗಾಳಿ. ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ನೀರು ನಿಂತ ಹಾಗೆ ಅಲುಗೋದು ನೋಡಿದ್ದೀರಲ್ಲ? ರನ್‌ವೇ ಮೇಲೂ ಅದೇ. ಮಧ್ಯಾಹ್ನ ರನ್‌ವೇಯಲ್ಲಿ ಓಡೋ ವಿಮಾನವನ್ನ ದೂರದಿಂದ ತೆಗೆದ್ರೆ ಬಟ್ಟೆ ಹಿಂಡಿದ ಹಾಗೆ ಬರುತ್ತೆ. ಯಾವ ಲಕ್ಷದ ಲೆನ್ಸೂ ಇದಕ್ಕೆ ಮದ್ದಲ್ಲ. ಹಾಗಾಗಿ ಟೇಕಾಫ್ ಫೋಟೋ ಬೆಳಗಿನ ಹೊತ್ತು, ಮಧ್ಯಾಹ್ನಕ್ಕೆ ಎತ್ತರದಲ್ಲಿ ಹಾರೋವು.

ಬೆಳಗಿನ ಹೊತ್ತಿಗೆ ಇನ್ನೊಂದು ಲಾಭ. ಫೈಟರ್ ಜೆಟ್ ಗಕ್ಕನೆ ತಿರುಗಿದಾಗ ರೆಕ್ಕೆಯ ಮೇಲೆ ಬಿಳಿ ಮೋಡ ಒಂದು ಕ್ಷಣ ಕಾಣುತ್ತೆ. ಅದು ಹೊಗೆ ಅಲ್ಲ, ನೀರಿನ ಆವಿ. ರೆಕ್ಕೆ ಮೇಲೆ ಗಾಳಿಯ ಒತ್ತಡ ಇಳಿದು, ಗಾಳಿ ತಣ್ಣಗಾಗಿ, ಅದರಲ್ಲಿನ ತೇವ ಹನಿಗಟ್ಟುತ್ತೆ. ಗಾಳಿಯಲ್ಲಿ ತೇವ ಇದ್ರೆ ಮಾತ್ರ ಚೆನ್ನಾಗಿ ಕಾಣೋದು. ಹಾಗಾಗಿ ಬೆಳಗ್ಗೆ ಜೆಟ್ ತಿರುವು ತಗೊಳ್ಳೋವಾಗ ಬೆರಳು ಗುಂಡಿ ಮೇಲೇ ಇರಲಿ.

ಅಭ್ಯಾಸ ಊರಲ್ಲೇ

ಪ್ರದರ್ಶನದ ದಿನ ಕಲಿಯೋಕೆ ಹೋದ್ರೆ ನನ್ನ ಹಾಗೆ ಆಗುತ್ತೆ. ನಾನು ಆಮೇಲೆ ಎರಡು ವರ್ಷ ಅಭ್ಯಾಸ ಮಾಡಿದ್ದು ಗದ್ದೆ ಬದುವಿನಲ್ಲಿ. ನಾಟಿ ಹೊತ್ತಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಹಿಂಡು ಇರುತ್ತೆ. ಬೆಳ್ಳಕ್ಕಿ ಹಾರುವಾಗ ಹಿಂಬಾಲಿಸಿ ತೆಗೆಯೋಕೆ ಬಂತು ಅಂದ್ರೆ ವಿಮಾನ ಸುಲಭ, ವಿಮಾನ ನೇರವಾಗಿಯಾದ್ರೂ ಹೋಗುತ್ತೆ. ಹೊನ್ನಾಳಿ ರಸ್ತೆ ಪಕ್ಕ ನಿಂತು ಹಾದುಹೋಗೋ ಬೈಕನ್ನ 1/60ರಲ್ಲಿ ಹಿಂಬಾಲಿಸಿ ತೆಗೆಯೋದೂ ಒಳ್ಳೇ ತರಬೇತಿ. ಬೈಕ್ ಸ್ಪಷ್ಟ, ಹಿಂದಿನ ಅಡಿಕೆ ತೋಟ ಎಳೆಎಳೆಯಾಗಿ ಬಂದ್ರೆ ನೀವು ಪಾಸ್.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಆಗಿದೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯ್ತು, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಶುರುವಾಯ್ತು. ಅದು ಎಟಿಆರ್, ಅಂದ್ರೆ ಪ್ರೊಪೆಲ್ಲರ್ ವಿಮಾನ. 1/250ರ ಪಾಠಕ್ಕೆ ಹೇಳಿ ಮಾಡಿಸಿದ್ದು. ಆದ್ರೆ ಬೇಲಿ ಹತ್ರ ಹೋಗಬೇಡಿ, ಕಾಂಪೌಂಡ್ ಹತ್ತಬೇಡಿ. ದೂರದಲ್ಲಿ, ಜನ ಓಡಾಡೋ ಜಾಗದಲ್ಲಿ ನಿಂತು ಆಕಾಶದಲ್ಲಿರೋದನ್ನ ಮಾತ್ರ ತೆಗೀರಿ. ಪೊಲೀಸರು ಬೇಡ ಅಂದ್ರೆ ವಾದ ಬೇಡ, ಗಾಡಿ ಹತ್ತಿ.

ಯಾವುದನ್ನ ತೆಗೀಬಾರದು

ಯಲಹಂಕ ಪ್ರದರ್ಶನ ಮೈದಾನ ಅಲ್ಲ, ವಾಯುಪಡೆಯ ಕೆಲಸ ಮಾಡ್ತಿರೋ ನೆಲೆ. ಪ್ರದರ್ಶನಕ್ಕೆ ಇಟ್ಟಿದ್ದು, ಹಾರಿಸಿದ್ದು ತೆಗೀಬಹುದು. ಅದರಾಚೆಯ ಕಟ್ಟಡ, ರೇಡಾರ್, ಗೇಟು, ಕಾವಲು ಇವನ್ನ ತೆಗೀಬೇಡಿ. ರಕ್ಷಣಾ ಸ್ಥಳಗಳ ಚಿತ್ರದ ವಿಷಯಕ್ಕೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇವತ್ತಿಗೂ ಇದೆ, "ರೀಲ್ಸ್‌ಗೆ ತೆಗೆದೆ ಸಾರ್" ಅನ್ನೋದು ಅದರಲ್ಲಿ ನೆಪ ಆಗಲ್ಲ. ಡ್ರೋನ್ ಅಂತೂ ಬ್ಯಾಗಿಂದ ಆಚೆ ತೆಗೆಯೋ ಯೋಚನೆಯೇ ಬೇಡ. ಹಾರೋ ಹೊತ್ತಲ್ಲಿ ಬಳ್ಳಾರಿ ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ ಫೋಟೋ ತೆಗೆಯೋದು ಇನ್ನೊಂದು ಅಪಾಯ. ಎಲ್ಲರ ಕಣ್ಣೂ ಮೇಲಿರುತ್ತೆ, ಹಿಂದಿನ ಲಾರಿಯವನದ್ದೂ.

ಇನ್ನೊಂದು ಮಾತು ಹೇಳಲೇಬೇಕು. 2019ರ ಫೆಬ್ರವರಿ 19, ಏರೋ ಇಂಡಿಯಾ ಶುರುವಾಗೋಕೆ ಒಂದು ದಿನ ಮುಂಚೆ. ತಾಲೀಮಿನಲ್ಲಿ ಸೂರ್ಯಕಿರಣ್‌ನ ಎರಡು ಹಾಕ್‌ಗಳು ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪೈಲಟ್‌ಗಳು ಹೊರಗೆ ಹಾರಿ ಬದುಕಿದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡಾಗ, ಆ ವಿಡಿಯೋ ಕೆಲವೇ ನಿಮಿಷದಲ್ಲಿ ಎಲ್ಲರ ಫೋನಲ್ಲೂ ಇತ್ತು. ನಾನು ಮೇಲೆ ಹೇಳಿದ 5 ಮೀಟರ್ ಲೆಕ್ಕ, ಸೆಕೆಂಡಿಗೆ 333 ಮೀಟರ್ ಲೆಕ್ಕ ನಮಗೆ ಫೋಟೋ ಲೆಕ್ಕ. ಅವರಿಗೆ ಜೀವದ ಲೆಕ್ಕ. ಅಂಥದ್ದೇನಾದ್ರೂ ನಿಮ್ಮ ಕಣ್ಣೆದುರು ಆದ್ರೆ ಫೋನ್ ಇಳಿಸಿ, ದಾರಿ ಬಿಡಿ. ನಿಮ್ಮ ಹತ್ರ ಇರೋ ವಿಡಿಯೋ ತನಿಖೆಯವರಿಗೆ ಬೇಕಾಗಬಹುದು, ಅವರಿಗೆ ಕೊಡಿ. ಸ್ಟೇಟಸ್‌ಗೆ ಹಾಕಬೇಡಿ. ಮನೆಯವರಿಗೆ ಸುದ್ದಿ ಮುಟ್ಟೋದಕ್ಕೆ ಮುಂಚೆ ನಮ್ಮ ಸ್ಟೇಟಸ್ ಮುಟ್ಟಬಾರದು.

2025: ಈ ಸಲ ದೊಡ್ಡಪ್ಪ ಜೊತೆಗೆ

2025ರಲ್ಲಿ ಎರಡು ಟಿಕೆಟ್ ತಗೊಂಡೆ. ಹಿಂದಿನ ರಾತ್ರಿ ಬಸ್ಸಲ್ಲಿ ಹೊರಟ್ವಿ. ದೊಡ್ಡಪ್ಪಂಗೆ ಟೋಪಿ, ನೀರು, ಕಿವಿಗೆ ಹತ್ತಿ, ಎಲ್ಲಾ ಇಟ್ಕೊಂಡಿದ್ದೆ. ಹೆಲಿಕಾಪ್ಟರ್ ಫೋಟೋದ ಸಾಲ ತೀರಿಸೋಣ, ಈ ಸಲ 1/100ರಲ್ಲಿ ತೆಗೆಯೋಣ ಅಂತ ನನ್ನ ಲೆಕ್ಕ. ಆದ್ರೆ ಆ ವರ್ಷ ಸಾರಂಗ್ ಬರಲೇ ಇಲ್ಲ. ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ತೀರಿಕೊಂಡಿದ್ದರು, ಧ್ರುವ್‌ಗಳ ಹಾರಾಟವನ್ನೇ ನಿಲ್ಲಿಸಿದ್ದರು. ಸಾಲ ಹಾಗೇ ಉಳೀತು.

ಆ ವರ್ಷದ ದೊಡ್ಡ ಸುದ್ದಿ ರಷ್ಯಾದ ಸು-57, ಅಮೆರಿಕದ ಎಫ್-35 ಒಂದೇ ಕಡೆ ಬಂದಿದ್ದು. ಸು-57 ಮೇಲೆದ್ದಾಗ ನಾನು ಕ್ಯಾಮೆರಾಗೆ ಅಂಟಿಕೊಂಡಿದ್ದೆ. ಪಕ್ಕದಲ್ಲಿ ದೊಡ್ಡಪ್ಪ ಸದ್ದಿನ ಕಡೆ ನೋಡ್ತಾ, "ಎಲ್ಲೈತಪಾ? ಎಲ್ಲೈತಿ?" ಅಂತಿದ್ರು. ಅವರ ಕಣ್ಣು ಈಗ ಮೊದಲಿನ ಹಾಗಿಲ್ಲ, ಪೊರೆ ಬರ್ತಿದೆ. ಎರಡು ಸಲ ಹಾಗೇ ತಪ್ಪಿಹೋಯ್ತು.

ಸೂರ್ಯಕಿರಣ್ ಬಂದಾಗ ಕ್ಯಾಮೆರಾವನ್ನ ಕುತ್ತಿಗೆಗೆ ಬಿಟ್ಟೆ. ಅವರ ಹಿಂದೆ ನಿಂತು, ಎರಡೂ ಭುಜ ಹಿಡ್ಕೊಂಡು, "ದೊಡ್ಡಪ್ಪ, ಸದ್ದಿನ ಕಡೆ ನೋಡ್ಬೇಡಿ, ಈ ಕಡೆ, ಇನ್ನೂ ಮುಂದೆ" ಅಂತ ತಿರುಗಿಸಿದೆ. ಒಂಬತ್ತೂ ಒಟ್ಟಿಗೆ ಹೊಗೆ ಬಿಟ್ಕೊಂಡು ಅಲ್ಲಿಗೇ ಬಂದವು. "ಆ! ಸಿಕ್ತು, ಸಿಕ್ತು!" ಅಂದ್ರು. ಭುಜ ಅವಕ್ಕೆ ಸರಿಯಾಗಿ ತಿರುಗ್ತಾ ಹೋಯ್ತು, ನಾನು ಹಿಡಿದಿದ್ದಷ್ಟೇ. ಸೊಂಟ ತಿರುಗಿಸೋದನ್ನ ಅವರಿಗೆ ಹೇಳಿಕೊಡಬೇಕಾಗಲಿಲ್ಲ.

ಎರಡನೇ ಸುತ್ತಿಗೆ ಫೋನ್ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಅಗಲದ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದೆ. ಕೆಳಗೆ ಅವರ ಟೋಪಿ, ಎತ್ತಿದ ಗದ್ದ, ಹಣೆ ಮೇಲಿನ ಕೈ. ಮೇಲೆ ಹೊಗೆಯ ಗೀಟುಗಳು. ವಿಮಾನಗಳು ಸಣ್ಣಗಿವೆ, ಎಣಿಸಿದ್ರೆ ಒಂಬತ್ತೂ ಸಿಗ್ತವೆ. ಆ ದಿನ ನಾನು ತೆಗೆದಿದ್ದು ಒಟ್ಟು 240. ಹಿಂದಿನ ಸಲದ 1,900ಕ್ಕೆ ಹೋಲಿಸಿದ್ರೆ ತುಂಬಾ ಕಡಿಮೆ, ಉಳಿಸಿಕೊಂಡಿದ್ದು 38. ಪಡಸಾಲೆ ಗೋಡೆ ಮೇಲೆ ಈಗ ಇರೋದು ಆ ಫೋನ್ ಫೋಟೋ.

ಮನೆಗೆ ಬಂದವರಿಗೆಲ್ಲ ದೊಡ್ಡಪ್ಪ ಅದನ್ನ ತೋರಿಸಿ ಹೇಳೋದು ಒಂದೇ ಮಾತು: "ಸದ್ದು ಬಂದ ಕಡೆ ನೋಡಿದ್ರೆ ಸಿಗಂಗಿಲ್ಲ." ಹೆಲಿಕಾಪ್ಟರ್ ಫೋಟೋ ಯಾವಾಗ ತರ್ತೀಯ ಅಂತಾನೂ ಕೇಳ್ತಿರ್ತಾರೆ.

ಸರಿ, ಇವತ್ತಿಗೆ ಇಷ್ಟು. ಇವತ್ತು ರಾತ್ರಿ ಮನೆ ಫ್ಯಾನ್ ಫೋಟೋ ಎರಡು ತೆಗೀರಿ, ಒಂದು 1/1000, ಒಂದು 1/60.